ಕೂಗದೆ ಹಾಕಿದ ಹೆಪ್ಪು

ನವೆಂಬರ್ ೨೬, ೧೯೭೮, ಭಾನುವಾರ

ಕೊನೆಗೂ ಪರಂಪರಾ ಸಂಘದವರಿಗೆ ಬುದ್ಧಿ ಬಂದಿದೆ. ಅದರ ಅಧ್ಯಕ್ಷ ರೈದಾರ್ ಇವತ್ತು ಚರ್ಚಿನ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಮೇಷ್ಟ್ರೇ, ನಿಮ್ಮ ಮನೆ ಬೀರಿನ ಹೆಪ್ಪಿಗೆ ಹಿತ್ತಾಳೆ ಫಲಕ ಖಾತ್ರಿ ಆಯ್ತು. ಡಿಸೆಂಬರ್ ಇಪ್ಪತ್ತೊಂದಕ್ಕೆ, ಥಾಮಸ್ ಸಂತನ ದಿನ, ನಾವೆಲ್ಲ ಬರ್ತೀವಿ. ನಿಮ್ಮ ಕ್ರಿಸ್‌ಮಸ್ ಬೀರು ಕುಡಿದು, ಬೀರು ಕಾಯಿಸೋ ಮನೆ ಬಾಗಿಲಿಗೆ ಫಲಕ ಹೊಡೆದು ಹೋಗ್ತೀವಿ."

ಫಲಕದ ಮೇಲೆ ಇರುವ ಮಾತು: "ಕಣಿವೆಯ ಅತಿ ಹಳೆಯ ಶುದ್ಧ ಹೆಪ್ಪು. ಅನ್ಯರ ಮನೆಯ ಒಂದು ಹನಿಯೂ ಸೋಕದ್ದು." ನಾನೇ ಬರೆದುಕೊಟ್ಟೆ. ಸಂಘದವರ ಕೈಗೆ ಬಿಟ್ಟಿದ್ದರೆ ಅಲ್ಲಿ ಬರೀ ಇಸವಿ ಇರುತ್ತಿತ್ತು, ಅದೂ ತಪ್ಪು ಇಸವಿ.

ಈ ಗೌರವಕ್ಕಾಗಿ ನಾನು ಎಷ್ಟು ಪತ್ರ ಬರೆದೆ ಎಂಬುದು ಅಂಚೆಯವನಿಗೆ ಗೊತ್ತು. ಇಡೀ ಕಣಿವೆ ಅಂಗಡಿಯ ಪೊಟ್ಟಣದ ಯೀಸ್ಟಿಗೆ ಬಿದ್ದು ಕೆಟ್ಟಿದೆ. ಮುತ್ತಜ್ಜನ ಕಾಲದಿಂದ ಬೀರಿನ ಹೆಪ್ಪನ್ನು ಕೊರಡಿನ ಗುಳಿಗಳಲ್ಲಿ ಒಣಗಿಸಿ ಕಾಪಾಡಿಕೊಂಡು ಬಂದ ಮನೆ ನಮ್ಮದೊಂದೇ. ಆ ಕೊರಡು ಇಷ್ಟು ದಿನ ಹಿತ್ತಿಲ ಉಗ್ರಾಣದ ಕತ್ತಲಲ್ಲಿ ಜೇಡರ ಜೊತೆ ನೇತಾಡುತ್ತಿತ್ತು. ಬೇಸಿಗೆಯಲ್ಲಿ ನಾನೇ ಅದನ್ನು ನಡುಮನೆಗೆ ತಂದೆ. ಗಾಜಿನ ಪೆಟ್ಟಿಗೆ ಮಾಡಿಸಿ ಹೊಸ ವಿದ್ಯುತ್ ಹೀಟರಿನ ಮೇಲುಗಡೆ ಗೋಡೆಗೆ ಹಾಕಿಸಿದೆ. ಅಲ್ಲಿ ಗಾಜಿಗೆ ಮಂಜು ಹಿಡಿಯುವುದಿಲ್ಲ, ಬಂದವರಿಗೆ ನನ್ನ ವಿವರಣೆಯ ಚೀಟಿ ಚೆನ್ನಾಗಿ ಕಾಣುತ್ತದೆ.

ನನ್ನ ಹೆಂಡತಿ ಗುರೋಗೆ ಮಾತ್ರ ಸಮಾಧಾನವಿಲ್ಲ. "ಜೀವ ಇರೋ ವಸ್ತುನ ಬಿಸಿ ಮೇಲೆ ಕಟ್ಟಿದೀಯಲ್ಲ ಮಾರಾಯ, ಅದೇನು ಕುರಿ ಪಕ್ಕೆಲುಬಾ, ಒಣಗಿಸೋಕೆ?" ಎಂದಳು. ಬೆರ್ಗೆನ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲೂ ಒಣ ಗಾಳಿಯಲ್ಲೇ ಇಡುತ್ತಾರೆ ಎಂದು ತಿಳಿಸಿದೆ. "ಅಲ್ಲಿರೋವೆಲ್ಲ ಸತ್ತಿರೋವು" ಎಂದಳು. ಇಪ್ಪತ್ತಾರು ವರ್ಷ ಇತಿಹಾಸದ ಮೇಷ್ಟರ ಜೊತೆ ಬಾಳಿದವಳ ಮಾತು ಇದು.

ರೈದಾರ್ ನನ್ನ ಕೈ ಕುಲುಕುವಾಗ ಎಂಡ್ರೆ ಚರ್ಚಿನ ಕಂಬದ ಹಿಂದೆ ನಿಂತು ಪೈಪು ತುಂಬಿಕೊಳ್ಳುತ್ತಿದ್ದ. ಕೇಳಿಸಿಕೊಂಡಿರಬೇಕು. ಕೇಳಿಸಿಕೊಳ್ಳಲಿ.

ನವೆಂಬರ್ ೨೮

ಎಂಡ್ರೆಯ ವಿಷಯ ಇಲ್ಲಿ ಒಮ್ಮೆ ದಾಖಲಿಸಿಡುವುದು ಒಳ್ಳೆಯದು. ಮುಂದೆ ಯಾರೂ ತಿರುಚಬಾರದು.

ಅವನ ಮನೆ ಹೊಳೆಯಾಚೆ, ನಮ್ಮ ಬಾಗಿಲಿಗೆ ಎದುರು. ಶಾಲೆಯಲ್ಲಿ ಒಂದೇ ಬೆಂಚು. ಐವತ್ತೊಂಬತ್ತರ ವಸಂತದಲ್ಲಿ ನನ್ನ ಚಿಕ್ಕಪ್ಪ ತೀರಿಕೊಂಡಾಗ, ಮಣ್ಣು ಮಾಡಿ ಬಂದ ಊಟದ ಮೇಜಿನಲ್ಲಿ, ಪಾದ್ರಿಯ ಎದುರಿಗೆ, ನಮ್ಮ ಮನೆಯ ಬೀರನ್ನು ಕುಡಿದು ಅವನು ಹೇಳಿದ: "ಒದ್ದೆ ಕುರಿಚರ್ಮ ನೆಕ್ಕಿದ ಹಾಗಿದೆ." ಪಾದ್ರಿ ನಕ್ಕರು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ನಾನು ಜಗಳ ಆಡಲಿಲ್ಲ. ಆ ಕ್ರಿಸ್‌ಮಸ್‌ನಲ್ಲಿ ಬೇರೊಬ್ಬರ ಮನೆಯಲ್ಲಿ ಅವನ ಬೀರಿನ ರುಚಿ ನೋಡಿದೆ. ಜನವರಿಯಲ್ಲಿ ಪತ್ರಿಕೆಗೆ ಬರೆದೆ. ಹೊಳೆಯಾಚೆಯ ಕೆಲವು ಮನೆಗಳಲ್ಲಿ ಹೆಪ್ಪಿನ ಹೆಸರಿನಲ್ಲಿ ಬ್ರೆಡ್ಡಿನ ಯೀಸ್ಟು ಬಳಸುತ್ತಿದ್ದಾರೆ, ಅದರ ಕೀಳು ವಾಸನೆಯನ್ನು ಬಲ್ಲವರು ಬಲ್ಲರು ಎಂದು. ಹೆಸರು ಹಾಕಿರಲಿಲ್ಲ. ಹೊಳೆಯಾಚೆ ಇರುವುದು ಒಂದೇ ಮನೆ.

ಅಂದಿನಿಂದ ಮಾತಿಲ್ಲ.

ಡಿಸೆಂಬರ್ ೨, ಶನಿವಾರ

ಬೀರು ಕಾಯಿಸುವ ದಿನ. ಬೆಳಗಿನಿಂದ ಹಂಡೆಯಲ್ಲಿ ಜುನಿಪರ್ ಸೊಪ್ಪು ಕುದಿದು ಮನೆಯೆಲ್ಲ ಕಾಡಿನ ವಾಸನೆ. ಮೊಳಕೆಯ ಬಾರ್ಲಿ ನೆನೆಸಿ, ಸೊಪ್ಪಿನ ಹಾಸಿನ ಮೇಲೆ ಸೋಸಿ, ರಸವನ್ನು ಮತ್ತೆ ಕುದಿಸಿ, ಕತ್ತಲಾಗುವ ಹೊತ್ತಿಗೆ ಮರದ ಪೀಪಾಯಿಗೆ ಇಳಿಸಿದೆವು. ಆಗತಾನೇ ಕರೆದ ಹಾಲಿನಷ್ಟು ಬೆಚ್ಚಗಿದ್ದಾಗ ಹೆಪ್ಪು ಹಾಕಬೇಕು. ಗಾಜಿನ ಪೆಟ್ಟಿಗೆ ತೆಗೆದು ಕೊರಡಿನ ಒಂದು ಕಡೆಯ ಗುಳಿಗಳಿಂದ ಚಕ್ಕೆಗಳನ್ನು ಕೆರೆದೆ. ಗರಿಗರಿಯಾಗಿದ್ದವು. ಇಷ್ಟು ಚೆನ್ನಾಗಿ ಒಣಗಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಹೆಪ್ಪು ಬಿದ್ದ ಕ್ಷಣ ಹಾಕಿದವನು ಬಾಗಿಲಿಗೆ ಬಂದು ಎದೆ ಬಿಚ್ಚಿ ಕೂಗಬೇಕು. ಕೂಗು ಎಷ್ಟು ಗಟ್ಟಿಯೋ ಬೀರು ಅಷ್ಟು ಗಟ್ಟಿ. ಪಿಸುಗುಟ್ಟಿದವನ ಬೀರು ಕುಡಿದವರು ತೂಕಡಿಸುತ್ತಾರೆ. ದೆವ್ವ ಓಡಿಸಲು ಹುಟ್ಟಿದ ಪದ್ಧತಿ ಇದು ಎಂದು ಓದಿದ ನನಗೆ ತಿಳಿದಿದೆ. ನಾನು ಕೂಗುವುದು ಸಂಸ್ಕೃತಿಯ ದೃಷ್ಟಿಯಿಂದ.

ಕೂಗಿದೆ. ಬೆಟ್ಟಕ್ಕೆ ಬಡಿದು ಹಿಂದಿರುಗಿತು. ಎಂಡ್ರೆಯ ನಾಯಿ ಬೊಗಳಿತು.

ಗುರೋ ಕಿವಿಗೆ ಬೆರಳಿಟ್ಟುಕೊಂಡಿದ್ದಳು. "ಸಾಕು, ಬೆರ್ಗೆನ್‌ನವರೂ ಎದ್ದು ಕೂತಿರ್ತಾರೆ."

ಡಿಸೆಂಬರ್ ೩

ಬೆಳಗಿನ ಹೊತ್ತಿಗೆ ನೊರೆ ಎದ್ದು ಮುಚ್ಚಳ ಎತ್ತಬೇಕಿತ್ತು. ಎದ್ದಿಲ್ಲ. ರಸ ಕೆರೆಯ ನೀರಿನ ಹಾಗೆ ನನ್ನ ಮುಖವನ್ನೇ ತೋರಿಸುತ್ತಿದೆ. ಪೀಪಾಯಿಗೆ ಕಿವಿ ಇಟ್ಟು ಕೇಳಿದೆ. ಒಳಗಿಂದ ಸದ್ದೇ ಇಲ್ಲ.

"ಏನು, ವಾರ್ತೆ ಬರ್ತಿದೆಯಾ?" ಎಂದಳು ಗುರೋ.

ಚಳಿ ಇರಬೇಕು. ಎರಡು ಕಂಬಳಿ, ಕುರಿತುಪ್ಪಳದ ಹೊದಿಕೆ, ನನ್ನ ಚಳಿಗಾಲದ ಕೋಟು ಎಲ್ಲವನ್ನೂ ಸುತ್ತಿದ್ದೇನೆ. ಚರ್ಚಿಗೆ ಸ್ವೆಟರಿನಲ್ಲೇ ಹೋದೆ. ಎಲ್ಲರೂ ಭುಜ ತಟ್ಟಿದರು. "ಏನ್ ಗಂಟಲು ಮೇಷ್ಟ್ರೇ! ನಮ್ಮ ಹಸು ಹಾಲು ಕೊಡೋದು ನಿಲ್ಲಿಸಿಬಿಡ್ತು!" ರೈದಾರ್ ಅಂತೂ ಕೂಗನ್ನು ಸಂಘದ ನಡಾವಳಿಯಲ್ಲಿ ಸೇರಿಸುತ್ತಾನಂತೆ.

ನಾನು ಮುಗುಳ್ನಕ್ಕೆ. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು.

ಡಿಸೆಂಬರ್ ೪

ಕಾರಣ ಹೊಳೆಯಿತು. ನೀರು! ಪುರಸಭೆಯವರು ನಲ್ಲಿ ನೀರಿಗೆ ಕ್ಲೋರಿನ್ ಸುರಿಯುತ್ತಿದ್ದಾರೆ. ಕ್ರಿಮಿ ಕೊಲ್ಲುವ ವಿಷ ಹೆಪ್ಪನ್ನು ಬಿಡುತ್ತದೆಯೇ? ಎಪ್ಪತ್ತೊಂದರಲ್ಲೇ ನಾನು ಎಚ್ಚರಿಸಿದ್ದೆ. ಮೂರು ಪುಟದ ಪತ್ರ ಸಿದ್ಧಪಡಿಸಿ, ಕಳುಹಿಸುವ ಮೊದಲು ನೀರಿನ ಕಚೇರಿಗೆ ಫೋನು ಮಾಡಿದೆ. ಎತ್ತಿಕೊಂಡದ್ದು ಯಾರೋ ಯುವಕ.

"ನಿಮ್ಮ ಮನೆಗೆ ನಮ್ಮ ಪೈಪೇ ಬಂದಿಲ್ವಲ್ಲ ಸಾರ್."

"ಯಾಕೆ ಬಂದಿಲ್ಲ?"

"ನೀವೇ ಬೇಡ ಅಂದಿದೀರಿ. ಎಪ್ಪತ್ತೊಂದರಲ್ಲಿ. ಪತ್ರ ಇದೆ ಇಲ್ಲಿ, ತುಂಬಾ ಉದ್ದ ಇದೆ. ಓದ್ಲಾ?"

ಬೇಡ ಎಂದೆ. ನಾವು ಕುಡಿಯುವುದು ಬೆಟ್ಟದ ಒರತೆಯ ನೀರು. ಹಾಗಾದರೆ ಬೆಟ್ಟದ ಮೇಲೆ ಯಾರೇನು ಮಾಡುತ್ತಿದ್ದಾರೆ ಎಂದು ವಿಚಾರಿಸಬೇಕು.

ಡಿಸೆಂಬರ್ ೫

ವಿದ್ಯುತ್ ತಂತಿ! ನಮ್ಮ ಹೊಲದ ಮೇಲೆ ಹಾದುಹೋಗುವ ದೊಡ್ಡ ತಂತಿ ಹಗಲಿರುಳು ಗುಂಯ್ ಎನ್ನುತ್ತದೆ. ಸೂಕ್ಷ್ಮಜೀವಿಗೆ ನೆಮ್ಮದಿ ಎಲ್ಲಿಂದ ಬರಬೇಕು? ಆದರೆ ಕಳೆದ ಕ್ರಿಸ್‌ಮಸ್‌ನಲ್ಲೂ ತಂತಿ ಇತ್ತು, ಬೀರೂ ಬಂದಿತ್ತು ಎಂದು ಗುರೋ ನೆನಪಿಸಿದಳು. ಅವಳ ನೆನಪು ಬೇಡದ ಕಡೆಯೆಲ್ಲ ಚುರುಕು.

ರಸಕ್ಕೆ ಗಾಳಿ ಸಾಲದೇನೋ ಎಂದು ಕೋಲಿನಿಂದ ಕಡೆದೆ. ಸ್ವಲ್ಪ ನೊರೆ ಬಂತು. ಕಡೆಯುವುದು ನಿಲ್ಲಿಸಿದ ಕೂಡಲೇ ಹೋಯಿತು.

ಡಿಸೆಂಬರ್ ೬

ಹುಳಿ ವಾಸನೆ. ಇಡೀ ಪೀಪಾಯಿಯನ್ನು ಹಂದಿಗೆ ಸುರಿದೆವು. ಹಂದಿ ತಲೆ ಎತ್ತದೆ ಕುಡಿಯಿತು. ಈ ಕಣಿವೆಯಲ್ಲಿ ನನ್ನ ಕೆಲಸವನ್ನು ಸಂತೋಷದಿಂದ ಸ್ವೀಕರಿಸುವ ಪ್ರಾಣಿ ಒಂದಾದರೂ ಇದೆ.

ಡಿಸೆಂಬರ್ ೮, ಶುಕ್ರವಾರ

ಮತ್ತೆ ಕಾಯಿಸಿದೆವು. ಕೊರಡಿನ ಇನ್ನೊಂದು ಕಡೆಯ ಹೆಪ್ಪನ್ನೆಲ್ಲ ಕೆರೆದು ಹಾಕಿದೆ. ಮುಂದಿನ ಹೆಜ್ಜೆ ಕೂಗು. ಇಲ್ಲೇ ಸಿಕ್ಕಿಬಿದ್ದೆ. ಒಂದು ಕ್ರಿಸ್‌ಮಸ್ಸಿಗೆ ಒಂದು ಮನೆಯಿಂದ ಒಂದೇ ಕೂಗು. ಎರಡನೆಯದು ಕೇಳಿತೆಂದರೆ ಮೊದಲನೆಯದು ಕೆಟ್ಟಿತೆಂದು ಹಾಲು ಕರೆಯುವ ಹುಡುಗಿಯರಿಗೂ ತಿಳಿಯುತ್ತದೆ. ಹೊಳೆಯಾಚೆಯವನಿಗೆ ಹಬ್ಬ.

ಕೊನೆಗೆ ಉಗ್ರಾಣಕ್ಕೆ ಹೋಗಿ ಉಣ್ಣೆಯ ಮೂಟೆಯೊಳಗೆ ತಲೆ ಹಾಕಿ ಕೂಗಿದೆ. ಹೊರಬಂದಾಗ ಬಾಯ್ತುಂಬ ಉಣ್ಣೆ. ಗುರೋ ಲಾಟೀನು ಹಿಡಿದು ನಿಂತಿದ್ದಳು.

"ಕುರಿ ಉತ್ತರ ಕೊಡ್ತಾ?"

ಡಿಸೆಂಬರ್ ೯

ಇಲ್ಲ. ನೊರೆ ಇಲ್ಲ.

ಗುರೋ ನನ್ನನ್ನು ಕೇಳದೆ ಪರೀಕ್ಷೆ ಮಾಡಿದಳು. ಎರಡು ಬಟ್ಟಲಲ್ಲಿ ಬೆಚ್ಚನೆಯ ಸಕ್ಕರೆ ನೀರು. ಒಂದಕ್ಕೆ ಕೊರಡಿನಲ್ಲಿ ಅಳಿದುಳಿದ ಚಕ್ಕೆ, ಇನ್ನೊಂದಕ್ಕೆ ತನ್ನ ಬ್ರೆಡ್ಡಿನ ಯೀಸ್ಟು. ಕಾಫಿ ಮುಗಿಯುವುದರೊಳಗೆ ಬ್ರೆಡ್ಡಿನದು ಉಕ್ಕಿ ತಟ್ಟೆಗೆ ಇಳಿಯಿತು. ಮುತ್ತಜ್ಜನದು ತಳದಲ್ಲಿ ಮರಳಿನ ಹಾಗೆ ಕೂತಿತ್ತು.

"ಸತ್ತಿದೆ ಕಣೋ. ಬೇಸಿಗೆಯಿಂದ ಹುರಿದು ಹುರಿದು ಸಾಯಿಸಿದೀಯ."

ಒಂದು ಪ್ರಯೋಗದಿಂದ ತೀರ್ಮಾನಕ್ಕೆ ಬರುವುದು ಅವೈಜ್ಞಾನಿಕ ಎಂದೆ. ಅವಳು ಬಟ್ಟಲು ತೊಳೆಯಲು ಹೋದಳು. ಹೀಟರಿನ ಕಂಪನಿಯವರು ಕೊಟ್ಟ ಕೈಪಿಡಿಯಲ್ಲಿ ಹೆಪ್ಪಿನ ಬಗ್ಗೆ ಒಂದೇ ಒಂದು ಎಚ್ಚರಿಕೆಯ ಮಾತಿಲ್ಲ. ಈಗಿನ ಕಾಲದಲ್ಲಿ ಯಾರಿಗೂ ಜವಾಬ್ದಾರಿ ಎಂಬುದಿಲ್ಲ.

ಡಿಸೆಂಬರ್ ೧೧

ಸಹಕಾರಿ ಅಂಗಡಿಗೆ ಹೋಗಿದ್ದೆ. ಯಾಕೆ ಹೋದೆ ಎಂದು ಬರೆಯಬೇಕಾಗಿಲ್ಲ. ಯೀಸ್ಟಿನ ಪೊಟ್ಟಣಗಳು ಯಾವ ಬೆಲೆಗೆ ಮಾರಾಟವಾಗುತ್ತಿವೆ, ನಾಗರಿಕರಿಗೆ ಮೋಸವಾಗುತ್ತಿದೆಯೇ ಎಂದು ನೋಡುವುದು ತಪ್ಪಲ್ಲ. ಒಂದನ್ನು ಕೈಗೆತ್ತಿಕೊಂಡಿದ್ದೆ. ಹಿಂದಿನಿಂದ ಪೈಪಿನ ಹೊಗೆ ಬಂತು.

"ಬ್ರೆಡ್ ಮಾಡೋದು ಕಲೀತಿದೀರಾ, ಮೇಷ್ಟ್ರೇ?"

ಹದಿನೆಂಟು ವರ್ಷದ ನಂತರ ಅವನ ಮೊದಲ ಮಾತು. ಒಂದೇ ಬೆಂಚಿನಲ್ಲಿ ಕೂತು ನನ್ನ ಪೆನ್ಸಿಲು ಕದಿಯುತ್ತಿದ್ದವನು ಈಗ ಬಹುವಚನ ಹಾಕುತ್ತಿದ್ದಾನೆ.

ಪೊಟ್ಟಣ ಇಟ್ಟುಬಿಟ್ಟು ಪಕ್ಕದಲ್ಲಿ ಸಿಕ್ಕಿದ್ದನ್ನು ತೆಗೆದುಕೊಂಡೆ. ಗಲ್ಲಾದಲ್ಲಿ ಕೂತ ಟೂರಿಡ್, "ನಾಲ್ಕು ಡಬ್ಬಿ ಸಾಸಿವೆ! ಕ್ರಿಸ್‌ಮಸ್ಸಿಗೆ ಯಾರ್ ಯಾರು ಬರ್ತಿದಾರೆ ಮೇಷ್ಟ್ರೇ?" ಎಂದಳು. ಎಂಡ್ರೆ ಕೆಮ್ಮಿದ. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

ಎರಡನೆಯ ಪೀಪಾಯಿಯೂ ಹಂದಿಗೆ.

ಡಿಸೆಂಬರ್ ೧೨

ಬರೆಯುವಂಥದ್ದೇನೂ ಇಲ್ಲ. ಸಾಸಿವೆ ಚೆನ್ನಾಗಿಲ್ಲ.

ಡಿಸೆಂಬರ್ ೧೩, ಬುಧವಾರ

ಇದನ್ನು ಬರೆಯಲೇಬೇಕು.

ಬೆಳಿಗ್ಗೆ ಗುರೋ ಮಫ್ಲರು ಸುತ್ತಿಕೊಂಡು, ಮುಚ್ಚಳದ ಜಾಡಿ ಹಿಡಿದು ಹೊರಟಿದ್ದಳು. ಎಲ್ಲಿಗೆ ಎಂದೆ.

"ಮಾರ್ಟಾ ಹತ್ರ. ಹೆಪ್ಪು ತರೋಕೆ."

ಮಾರ್ಟಾ ಎಂದರೆ ಎಂಡ್ರೆಯ ಹೆಂಡತಿ. ಆ ಮನೆಯ ಹೊಸ್ತಿಲು ತುಳಿಯುವುದಾದರೆ ನನ್ನ ಹೆಣ ದಾಟಿ ಹೋಗು ಎಂದೆ. ಅವಳು ಜಾಡಿಯನ್ನು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದಳು, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ.

"ನೋಡು, ಐವತ್ತೆರಡರಲ್ಲಿ ನಿಮ್ಮ ಕೊರಡಿಗೆ ಬೂಸ್ಟು ಹಿಡೀತು. ನೀನು ತರಬೇತಿಗೆ ಬೆರ್ಗೆನ್‌ಗೆ ಹೋಗಿದ್ದೆ. ಹೊಸ ಸೊಸೆ ನಾನು, ಅಳ್ತಾ ಕೂತಿದ್ದೆ. ಮಾರ್ಟಾ ಜಾಡೀಲಿ ತಂದುಕೊಟ್ಟಳು. ಒಣಗಿಸಿ ಕೊರಡಿಗೆ ತುಂಬಿಟ್ಟೆ. ಐವತ್ತೊಂಬತ್ತರ ಚಳಿಗಾಲದಲ್ಲಿ ಅವರದನ್ನ ಇಲಿ ತಿಂತು. ಆಗ ನಾನು ಕೊಟ್ಟೆ. ಆಮೇಲೆ ಒಂದ್ಸಲ ಅವಳು, ಒಂದ್ಸಲ ನಾನು. ಲೆಕ್ಕ ಯಾರಿಟ್ಟಿದಾರೆ?"

"ನಂಗ್ಯಾಕೆ ಹೇಳಲಿಲ್ಲ?"

"ನೀನು ಪತ್ರ ಬರೀತಿದ್ದೆ."

ಶುದ್ಧತೆಯ ಬಗ್ಗೆ ನಾನು ಪತ್ರಿಕೆಗೆ ಬರೆದದ್ದು, ಸಂಘದಲ್ಲಿ ಮಾಡಿದ ಭಾಷಣ, ಗಾಜಿನ ಪೆಟ್ಟಿಗೆಯ ಚೀಟಿ! ಎರಡು ಹೆಂಗಸರು ಜಾಡಿ ಹಿಡಿದು ಸೇತುವೆ ದಾಟುತ್ತ ನನ್ನ ಬದುಕಿನ ಕೆಲಸವನ್ನೆಲ್ಲ ಕಲಸಿಬಿಟ್ಟಿದ್ದಾರೆ.

ಆದರೂ ತರ್ಕಬದ್ಧವಾಗಿ ಯೋಚಿಸಬೇಕು. ಐವತ್ತೊಂಬತ್ತರಲ್ಲಿ ನಮ್ಮ ಮನೆಯ ಹೆಪ್ಪು ಅವರ ಮನೆಗೆ ಹೋಗಿದೆ. ಅಂದರೆ ಈಗ ಅಲ್ಲಿರುವುದು ನಮ್ಮದೇ. ತನ್ನ ವಸ್ತುವನ್ನು ಕೇಳಿ ತರುವುದು ಸಾಲವಲ್ಲ, ವಸೂಲಿ. ನಾಳೆ ನಾನೇ ಹೋಗುತ್ತೇನೆ.

ಡಿಸೆಂಬರ್ ೧೪

ಬಾಗಿಲು ತೆರೆದವನು ಎಂಡ್ರೆಯೇ. ನಾಯಿ ನನ್ನ ಕಾಲು ಮೂಸಿತು, ಬೊಗಳಲಿಲ್ಲ.

"ಬೂಟು ಒರೆಸ್ಕೊಂಡು ಬಾ" ಎಂದ. ಬಹುವಚನ ಹೋಗಿತ್ತು.

"ನಾನು ಕೇಳೋಕೆ ಬಂದಿಲ್ಲ. ನನ್ನ ಹೆಪ್ಪು ವಾಪಸ್ ತಗೊಂಡು ಹೋಗೋಕೆ ಬಂದಿದೀನಿ."

ಅವನು ತಿರುಗಿ, "ಮಾರ್ಟಾ, ಇವನಿಗೆ ಏನೋ ಆಗಿದೆ, ಬಾ ಇಲ್ಲಿ" ಎಂದು ಕೂಗಿದ. ಆಗ ತಿಳಿಯಿತು, ಅವನಿಗೂ ಗೊತ್ತಿರಲಿಲ್ಲ ಎಂದು. ಈ ವಾರ ನನಗೆ ಸಿಕ್ಕ ಮೊದಲ ಸಂತೋಷ ಅದು.

ಮಾರ್ಟಾ ಮೊದಲು ಕಾಫಿ ಇಟ್ಟಳು, ಚೀಸು ಹೆಚ್ಚಿದಳು, ಆಮೇಲೆ ಗುರೋ ಹೇಳಿದ್ದನ್ನೇ ಹೇಳಿದಳು. ಎಂಡ್ರೆಯ ಪೈಪು ಆರಿಹೋಯಿತು. ತುಂಬ ಹೊತ್ತು ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಸಾಲಾಗಿ ಜೋಡಿಸಿದ.

"ಅಂದ್ರೆ ನಿನ್ನ ಚಿಕ್ಕಪ್ಪನ ಊಟದಲ್ಲಿ ನಾನು ಕುರಿಚರ್ಮ ಅಂದಿದ್ದು..."

"ನಿನ್ನ ಹೆಪ್ಪಿನ ಬೀರನ್ನ."

"ನೀನು ಪೇಪರಲ್ಲಿ ಕೀಳು ವಾಸನೆ ಅಂತ ಬರೆದಿದ್ದು..."

ನಾನು ಕಾಫಿ ಕುಡಿದೆ. ಬಿಸಿಯಾಗಿತ್ತು.

ಮಾರ್ಟಾ ಎಪ್ರನ್ನಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿಂದ ಬಂದ ಸದ್ದನ್ನು ಅಳು ಎನ್ನಲಾಗದು.

ಆಮೇಲೆ ಹೆಪ್ಪು ಯಾರದ್ದು ಎಂಬ ಬಗ್ಗೆ ಚರ್ಚೆ ನಡೆಯಿತು. ಅವನು ಐವತ್ತೆರಡನ್ನು ಹಿಡಿದ, ನಾನು ಐವತ್ತೊಂಬತ್ತನ್ನು ಹಿಡಿದೆ. ಗಂಟಲು ಒಣಗಿತೆಂದು ಅವನ ಬೀರು ಬಂತು. ರುಚಿಯ ಬಗ್ಗೆ ಏನನ್ನೂ ಬರೆಯುವುದಿಲ್ಲ. ಹೊರಗೆ ಕತ್ತಲಾಗಿತ್ತು, ಈ ತಿಂಗಳಲ್ಲಿ ಅದು ಬೇಗ ಆಗುತ್ತದೆ.

ಕೊನೆಗೆ ಬಾವಿಯ ತಂಪಿನಲ್ಲಿ ಇಳಿಬಿಟ್ಟಿದ್ದ ಹೆಪ್ಪಿನ ಸೀಸೆ ಎತ್ತಿ ನನ್ನ ಜಾಡಿಗೆ ಸುರಿದುಕೊಟ್ಟ. ಕೊಡುವಾಗ ಜಾಡಿಯನ್ನು ಕೈಯಿಂದ ಬಿಡಲಿಲ್ಲ.

"ಒಂದು ಮಾತು. ಕೂಗಿ ಹಾಕ್ಬೇಕು."

"ಈಗಾಗ್ಲೇ ಒಂದ್ಸಲ ಕೂಗಿದೀನಲ್ಲ, ಊರೆಲ್ಲ ಕೇಳಿದೆ. ಇನ್ನೊಂದ್ಸಲ ಕೂಗಿದ್ರೆ..."

"ಊರಿಗೆ ಗೊತ್ತಾಗತ್ತೆ. ಆಗ್ಲಿ. ಫಲಕ ಹೋಗತ್ತೆ. ಹೋಗ್ಲಿ. ಇದು ಯಾರದಾದ್ರೂ ಆಗಿರ್ಲಿ ಓಸ್ಮುಂಡ್, ಕಳ್ಳನ ಥರ ಪೀಪಾಯಿಗೆ ಇಳಿದಿದ್ದಿಲ್ಲ. ಕೂಗ್ತೀಯಾ?"

ನನ್ನ ಹೆಸರು ಹಿಡಿದು ಕರೆಯುವವರು ಈಗ ಗುರೋ ಬಿಟ್ಟರೆ ಯಾರೂ ಇಲ್ಲ.

"ಕೂಗ್ತೀನಿ" ಎಂದೆ. ಜಾಡಿ ಬಿಟ್ಟ.

ಡಿಸೆಂಬರ್ ೧೬, ಶನಿವಾರ

ಕಾಯಿಸಿದೆವು. ಹೆಪ್ಪು ಹಾಕಿದೆ. ಕೂಗಲಿಲ್ಲ.

ಕಾರಣಗಳು ಸ್ಪಷ್ಟ. ಈ ಕೂಗಿಗೆ ಯಾವ ಶಾಸನದಲ್ಲೂ ಆಧಾರವಿಲ್ಲ. ಇದನ್ನು ಕಡ್ಡಾಯ ಎಂದು ಯಾವ ವಿದ್ವಾಂಸರೂ ಹೇಳಿಲ್ಲ. ನಾನು ಮಾತು ಕೊಟ್ಟದ್ದು ನಿಜ, ಆದರೆ ಜಾಡಿಯನ್ನು ಒತ್ತೆಯಿಟ್ಟು ಪಡೆದ ಮಾತು ಸ್ವತಂತ್ರ ಮನಸ್ಸಿನದಲ್ಲ. ಫಲಕ ನನ್ನೊಬ್ಬನ ಗೌರವವೂ ಅಲ್ಲ; ಇಡೀ ಕಣಿವೆಯ ಸಂಸ್ಕೃತಿಯ ಪ್ರಶ್ನೆ. ಒಬ್ಬ ಮನುಷ್ಯನ ಹಟಕ್ಕಾಗಿ ಅದನ್ನು ಬಲಿ ಕೊಡಲಾಗದು.

ಬಾಗಿಲು ತೆರೆದದ್ದು ನಿಜ. ಎದೆ ತುಂಬ ಉಸಿರು ತೆಗೆದುಕೊಂಡದ್ದೂ ನಿಜ. ಹೊಳೆಯಾಚೆ ಎಂಡ್ರೆಯ ಮೆಟ್ಟಿಲ ದೀಪ ಉರಿಯುತ್ತಿತ್ತು. ಅದರ ಕೆಳಗೆ ಕಂಬಳಿ ಹೊದ್ದು ಯಾರೋ ಕೂತಿದ್ದರು.

ಬಾಗಿಲು ಹಾಕಿದೆ.

ಗುರೋ ಕಿವಿಗಿಟ್ಟುಕೊಂಡಿದ್ದ ಬೆರಳು ತೆಗೆದು ಒಳಗೆ ಹೋದಳು. 

ಡಿಸೆಂಬರ್ ೧೭

ನೊರೆ! ಬೆಳಿಗ್ಗೆ ಮುಚ್ಚಳ ನೆಲದಲ್ಲಿತ್ತು. ಪೀಪಾಯಿ ಒಳಗೆ ಮಳೆ ಹೊಯ್ದ ಹಾಗೆ ಸದ್ದು, ಮನೆಯೆಲ್ಲ ಕಿತ್ತಳೆಯ ಪರಿಮಳ. ಕೂಗದೆ ಹಾಕಿದ ಹೆಪ್ಪು ಕೂಗಿ ಹಾಕಿದ್ದಕ್ಕಿಂತ ಚೆನ್ನಾಗಿ ಎದ್ದಿದೆ. ಹೆಪ್ಪಿಗೆ ಕಿವಿಯಿಲ್ಲ ಎಂಬುದು ಸಾಬೀತಾಯಿತು. ಈ ಬಗ್ಗೆ ಒಂದು ಲೇಖನ ಬರೆಯಬಹುದು.

ಇವತ್ತು ಬರೆಯಲಿಲ್ಲ.

ಡಿಸೆಂಬರ್ ೧೮

ಗುರೋಗೆ ಅಂಗಡಿಯಲ್ಲಿ ಮಾರ್ಟಾ ಸಿಕ್ಕಿದ್ದಳಂತೆ. ಎಂಡ್ರೆ ಶನಿವಾರ ಸಂಜೆಯಿಂದ ಮೆಟ್ಟಿಲ ಮೇಲೆ ಕೂರುತ್ತಿದ್ದಾನೆ. ಕಾಫಿ ಲೋಟದಲ್ಲೇ ಹೆಪ್ಪುಗಟ್ಟಿತಂತೆ. ನೆಗಡಿ ಹಿಡಿದಿದೆ.

"ಒಳಗೆ ಬಾ, ಅವನು ಹಾಕಿರ್ತಾನೆ ಅಂದ್ಲಂತೆ ಮಾರ್ಟಾ. ಅದಕ್ಕೆ ಎಂಡ್ರೆ ಏನಂದ ಗೊತ್ತಾ?" ಎಂದು ಗುರೋ ಆಲೂಗಡ್ಡೆ ಸುಲಿಯುತ್ತ ಕೇಳಿದಳು.

"ಏನಂದ?"

"'ಇನ್ನೂ ಹಾಕಿಲ್ಲ. ಹಾಕಿದ್ರೆ ಕೂಗ್ತಿದ್ದ' ಅಂದನಂತೆ."

ಆಲೂಗಡ್ಡೆಯ ಸಿಪ್ಪೆ ಇಷ್ಟು ದಪ್ಪ ತೆಗೆಯುವುದು ಪೋಲು ಎಂದು ಅವಳಿಗೆ ಹೇಳಿದೆ.

ಡಿಸೆಂಬರ್ ೧೯

ಆಚೆ ದೀಪ ಉರಿಯುತ್ತಿದೆ. ವಿದ್ಯುತ್ ದರ ಇಷ್ಟು ಏರಿರುವಾಗ ಇದು ಬರೀ ದುಂದು.

ಡಿಸೆಂಬರ್ ೨೦

ಬೀರನ್ನು ಸಣ್ಣ ಪೀಪಾಯಿಗಳಿಗೆ ಇಳಿಸಿದೆವು. ಬಣ್ಣ ಹಳೆಯ ತಾಮ್ರದ್ದು, ರುಚಿಯಲ್ಲಿ ಎಣೆಯಿಲ್ಲ. ಎರಡನೆಯ ಗುಟುಕು ಕುಡಿಯಲಿಲ್ಲ.

ಅವನ ಕೆಮ್ಮು ಇಲ್ಲಿಗೂ ಕೇಳಿಸುತ್ತದೆ. ಈ ಸಲದ್ದು ನಿಜವಾದ ಕೆಮ್ಮು. ಈ ವಯಸ್ಸಿನಲ್ಲಿ ಒಳಗೆ ಬೆಚ್ಚಗೆ ಮಲಗಬಾರದೇ? ಒಬ್ಬರು ಹೇಳಿದ್ದನ್ನು ಅಕ್ಷರಶಃ ನಂಬಿಕೊಂಡು ಕೂರುವ ಇಂಥವರಿಂದಲೇ ಈ ದೇಶ ಹಿಂದುಳಿದಿರುವುದು.

ಡಿಸೆಂಬರ್ ೨೧, ಥಾಮಸ್ ಸಂತನ ದಿನ

ಸಂಘದವರು ಮಧ್ಯಾಹ್ನ ಇಳಿಹೊತ್ತಿಗೆ ಬಂದರು. ಜೊತೆಗೆ ಪತ್ರಿಕೆಯವನೊಬ್ಬ, ಕ್ಯಾಮೆರಾ. ರೈದಾರ್ ಟೈ ಕಟ್ಟಿದ್ದ. ಎಲ್ಲರೂ ಬೀರು ಕುಡಿದು ಕಣ್ಣು ಮುಚ್ಚಿ ತಲೆದೂಗಿದರು.

ಫಲಕವನ್ನು ಬಾಗಿಲಿಗೆ ಒತ್ತಿ ಹಿಡಿದು, ಮೊದಲ ಮೊಳೆಯನ್ನು ಅರ್ಧ ಹೊಡೆದು, ರೈದಾರ್ ಭಾಷಣ ಶುರುಮಾಡಿದ. "ಮುತ್ತಜ್ಜನ ಕೈಯಿಂದ ಮರಿಮಗನ ಕೈಗೆ! ಅನ್ಯರ ಮನೆಯ ಒಂದು ಹನಿಯೂ ಸೋಕದೆ!" ಅದು ನನ್ನದೇ ಮಾತು. ಅವನ ಬಾಯಲ್ಲಿ ಕೇಳಿದಾಗ ವಾಕ್ಯದಲ್ಲಿ ಎಲ್ಲೋ ದೋಷವಿದೆ ಅನ್ನಿಸಿತು. ಸರಿಪಡಿಸಬೇಕಾದದ್ದು ಲೇಖಕನ ಕರ್ತವ್ಯ.

ಹೊರಗೆ ಕತ್ತಲು ಇಳಿಯುತ್ತಿತ್ತು. ಹೊಳೆಯಾಚೆ ದೀಪ ಹತ್ತಿಕೊಂಡಿತು. ಕಂಬಳಿ ಬಂದು ಮೆಟ್ಟಿಲ ಮೇಲೆ ಕೂತಿತು.

ನಾನು ಲೋಟ ಕೆಳಗಿಟ್ಟೆ. ರೈದಾರನನ್ನು ಪಕ್ಕಕ್ಕೆ ಸರಿಸಿ, ಬಾಗಿಲು ಪೂರಾ ತೆರೆದು, ಕೂಗಿದೆ.

ರೈದಾರ್ ಸುತ್ತಿಗೆಯನ್ನು ತನ್ನ ಕಾಲಿನ ಮೇಲೆ ಬೀಳಿಸಿಕೊಂಡ. ಮೊದಲ ಸಲ ನಾನು ಅಷ್ಟು ಗಟ್ಟಿಯಾಗಿ ಕೂಗಿದ್ದು ಸುಳ್ಳು ಎನಿಸುವ ಹಾಗೆ ಕೂಗಿದೆ. ಬೆಟ್ಟಕ್ಕೆ ಬಡಿದು ಹಿಂದಿರುಗಿತು. ನಾಯಿ ಬೊಗಳಿತು. 

ಸ್ವಲ್ಪ ಹೊತ್ತಾದ ಮೇಲೆ ಆಚೆಯಿಂದ ಒಂದು ಕೂಗು ಬಂತು. ನೆಗಡಿ ಹಿಡಿದ, ಒಡೆದ, ಮಧ್ಯದಲ್ಲೇ ಕೆಮ್ಮಿಗೆ ಸಿಕ್ಕಿಕೊಂಡ ಕೂಗು. ಕೂಗಿಗೆ ಮರುಕೂಗು ಕೊಡುವ ಪದ್ಧತಿ ನಮ್ಮ ಕಣಿವೆಯಲ್ಲಿಲ್ಲ. ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ.

"ಮೇಷ್ಟ್ರೇ," ರೈದಾರ್ ಒಂದು ಕಾಲ ಮೇಲೆ ನಿಂತು ಕೇಳಿದ, "ಹೆಪ್ಪು ಹಾಕೋವಾಗ ಅಲ್ವಾ ಕೂಗೋದು? ಇದು ಯಾವುದರ ಕೂಗು?"

"ಈಗ ನೀವು ಕುಡಿದಿರಲ್ಲ, ಅದರದ್ದು. ಅವತ್ತು ಕೂಗಿದ್ದು ಸತ್ತ ಹೆಪ್ಪಿಗೆ. ಇದು ಎದುರು ಮನೆಯಿಂದ ತಂದಿದ್ದು. ಮುತ್ತಜ್ಜನದು ಐವತ್ತೆರಡರಲ್ಲೇ ಹೋಗಿದೆ, ಬೇಕಾದ್ರೆ ಗುರೋನ ಕೇಳಿ."

ಗುರೋ ಬೀರು ತುಂಬಿಸುತ್ತಿದ್ದಳು. "ಹೌದು, ಬೂಸ್ಟು" ಎಂದಳು. ಎಲ್ಲರ ಲೋಟವನ್ನೂ ಇನ್ನೊಮ್ಮೆ ತುಂಬಿದಳು.

"ಆದ್ರೆ ಫಲಕದಲ್ಲಿ ಶುದ್ಧ ಅಂತ ಕೆತ್ತಿಸಿಬಿಟ್ಟಿದೀವಲ್ಲ!" ಎಂದ ರೈದಾರ್. ಸಂಘದವರಿಗೆ ಚಿಂತೆ ಹೆಪ್ಪಿನದಲ್ಲ, ಹಿತ್ತಾಳೆಯದು. ಫಲಕವನ್ನು ಕಾಗದದಲ್ಲಿ ಸುತ್ತಿಕೊಂಡು, ಸಭೆ ಸೇರಿ ನಿರ್ಧರಿಸುತ್ತೇವೆಂದು ಹೇಳಿ, ಲೋಟ ಖಾಲಿ ಮಾಡಿಕೊಂಡೇ ಹೋದರು. ಪತ್ರಿಕೆಯವನು ನಾನು ಬಾಯಿ ತೆರೆದಿದ್ದಾಗಿನ ಚಿತ್ರವನ್ನೇ ತೆಗೆದಿದ್ದಾನೆ.

ಅವರು ಗೇಟು ದಾಟುವಾಗ ಎಂಡ್ರೆ ಕೈಯಲ್ಲಿ ಲೋಟ ಹಿಡಿದು ಒಳಬಂದ. ಮೂಗು ಕೆಂಪಾಗಿತ್ತು.

"ತಡ ಮಾಡಿದೆ ಕಣೋ" ಎಂದ.

"ಗಂಟಲು ಸರಿ ಇರಲಿಲ್ಲ."

ಅವನು ನನ್ನ ಮುಖ ನೋಡಿದ. ಪೀಪಾಯಿಯನ್ನೂ ನೋಡಿದ, ಒಳಗಿನ ಬೀರು ಎಷ್ಟು ದಿನದ್ದೆಂದು ಅವನಿಗೆ ಗೊತ್ತಾಗದೆ ಇರುತ್ತದೆಯೇ?  ಲೋಟ ಚಾಚಿದ. ಒಂದು ಗುಟುಕು ಕುಡಿದು ಬಾಯೊಳಗೆ ಹೊರಳಿಸಿದ.

"ಕುರಿಚರ್ಮ."

"ಮೂಗು ಕಟ್ಟಿದವನಿಗೆ ಎಲ್ಲಿಂದ ಗೊತ್ತಾಗತ್ತೆ ರುಚಿ?"

"ಅದಕ್ಕೇ ಇನ್ನೊಂದು ಲೋಟ ಕೊಡು."

ಡಿಸೆಂಬರ್ ೨೨

ಕೊರಡನ್ನು ಉಗ್ರಾಣಕ್ಕೆ ಹಿಂದಿರುಗಿಸಿದೆ. ಹೊಸ ನೊರೆಯನ್ನು ಗುಳಿಗಳಿಗೆ ಸವರಿ ಕತ್ತಲಲ್ಲಿ ತೂಗುಹಾಕಿದೆವು. ಅಲ್ಲಿ ಸರಿಯಾಗಿ ಸವರುವುದು ಹೇಗೆ ಎಂದು ಎಂಡ್ರೆ ಬೆಳಿಗ್ಗೆಯೇ ಬಂದು ನನಗೆ ಪಾಠ ಮಾಡಿದ. ಗಾಜಿನ ಪೆಟ್ಟಿಗೆ ಖಾಲಿಯಿದೆ. ಗುರೋ ಅದರೊಳಗೆ ಕಾಲುಚೀಲ ಒಣಹಾಕಿದ್ದಾಳೆ, ನನ್ನ ಚೀಟಿಯ ಕೆಳಗೆ.

ಪರಂಪರಾ ಸಂಘದ ಬೇಜವಾಬ್ದಾರಿಯ ಬಗ್ಗೆ ಪತ್ರಿಕೆಗೆ ಪತ್ರ ಸಿದ್ಧವಾಗುತ್ತಿದೆ. ಪರಿಶೀಲನೆ ಮಾಡದೆ ಒಂದು ಮನೆಗೆ ಶುದ್ಧತೆಯ ಫಲಕ ಕೊಡಲು ಇವರು ಯಾರು? ಎಂಡ್ರೆಯೂ ಸಹಿ ಹಾಕುತ್ತಾನಂತೆ. ಎರಡನೆಯ ಪ್ಯಾರಾ ಉದ್ದವಾಯಿತು ಎಂದ. ಅವನಿಗೆ ಬರವಣಿಗೆಯ ಗಂಧವಿಲ್ಲ. ಸ್ವಲ್ಪ ಚಿಕ್ಕದು ಮಾಡಿದ್ದೇನೆ.

ಬೀರುಮನೆ ಬಾಗಿಲಲ್ಲಿ ರೈದಾರ್ ಅರ್ಧ ಹೊಡೆದ ಮೊಳೆ ಹಾಗೇ ಉಳಿದಿದೆ. ಎಂಡ್ರೆ ತನ್ನ ಮಫ್ಲರನ್ನು ಇಲ್ಲೇ ಮರೆತು ಹೋಗಿದ್ದಾನೆ. ಅದನ್ನು ಆ ಮೊಳೆಗೆ ತೂಗುಹಾಕಿದ್ದೇನೆ. ಇಂಥ ಕೆಮ್ಮಿನಲ್ಲಿ ಕುತ್ತಿಗೆ ಬಿಟ್ಟುಕೊಂಡು ಸೇತುವೆ ದಾಟುತ್ತಾನೆ, ಮೂರ್ಖ. ನಾಳೆ ಬಂದಾಗ ಸರಿಯಾಗಿ ಬೈಯಬೇಕು.